ವಸಂತಕಾಲದಲ್ಲಿ ವಲಸೆ ಹಕ್ಕಿಗಳ ವೀಕ್ಷಣೆ: ಸ್ಥಳದ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಚಳಿಗಾಲ ಕಳೆಯಲು ರಾಜ್ಯಕ್ಕೆ ಬರುವ ಹಕ್ಕಿಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಂತಹಂತವಾಗಿ ಉತ್ತರದ ತಮ್ಮ ನೆಲೆಗಳಿಗೆ ಮರಳುತ್ತವೆ. ಪ್ರಸಿದ್ಧ ಸ್ಥಳವೆಂಬ ಒಂದೇ ಕಾರಣಕ್ಕೆ ದೂರದಿಂದ ಬಂದು, ಹಕ್ಕಿಗಳು ಹೊರಟುಹೋದ ನಂತರದ ಖಾಲಿ ಕೆರೆಯನ್ನು ನೋಡಿ ಹಿಂದಿರುಗುವ ಸಂಭವವಿರುವುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಸಮೀಪದ ಕೆರೆಯನ್ನು ಗುರುತಿಸುವ ಬಗೆ

ನೀರಿನ ಮಟ್ಟವೇ ಇಲ್ಲಿ ಮುಖ್ಯವಾದುದು. ಕೆರೆಯಲ್ಲಿ ನೀರು ಹರಡಿ ನಿಂತಿರುವವರೆಗೆ ಸೂಜಿಬಾಲದ ಬಾತು ಮುಂತಾದ ವಲಸೆ ಬಾತುಗಳು ತಂಗುತ್ತವೆ. ಮಾರ್ಚ್ ತಿಂಗಳಲ್ಲಿ ನೀರು ಇಳಿದು ಅಂಚಿನಲ್ಲಿ ಕೆಸರು ತೆರೆದುಕೊಂಡಾಗ, ಅದರಲ್ಲಿನ ಹುಳುಗಳಿಗಾಗಿ ಗೊರವಗಳು ಮತ್ತು ಕುಂಡೆಕುಸ್ಕಗಳು ಬರುತ್ತವೆ. ಆದುದರಿಂದ ಹೂಳು ತುಂಬಿದ, ಇಳಿಜಾರು ದಡದ ಸಾಧಾರಣ ಊರಕೆರೆಯು ಕಲ್ಲು ಕಟ್ಟಿ ಅಂದಗೊಳಿಸಿದ ಕೆರೆಗಿಂತ ಬಹುಪಾಲು ಉತ್ತಮ ಸ್ಥಳವಾಗಿರುತ್ತದೆ. ಕಟ್ಟಿದ ದಡದಲ್ಲಿ ಗೊರವಗಳಿಗೆ ಕಾಲೂರಲು ಕೆಸರಿರುವುದಿಲ್ಲ. ಇ-ಬರ್ಡ್ ಜಾಲತಾಣದಲ್ಲಿ ತಮ್ಮ ಜಿಲ್ಲೆಯ ಸ್ಥಳಗಳನ್ನೂ, ಯಾವ ವಾರದಲ್ಲಿ ಯಾವ ಹಕ್ಕಿ ಕಂಡಿದೆ ಎಂಬುದನ್ನೂ ಪರಿಶೀಲಿಸಬಹುದು. ಬೆಳಿಗ್ಗೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಲ್ಲುವ ದಡವನ್ನು ಆರಿಸಿಕೊಳ್ಳುವುದು ಸೂಕ್ತ.

ಕೆಲವು ಪ್ರಮುಖ ಸ್ಥಳಗಳು

ಮಾಗಡಿ ಕೆರೆ (ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕು): ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದ ಸ್ಥಳ. ಇವು ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಗೆ ಹಿಂದಿರುಗುತ್ತವೆ. ಮಾರ್ಚ್ ಕಳೆಯುವ ಮುನ್ನವೇ ಬಹುತೇಕ ಹೊರಡುವುದರಿಂದ ಫೆಬ್ರವರಿಯಲ್ಲಿ ಭೇಟಿ ನೀಡುವುದು ಒಳಿತು. ಈ ಕೆರೆಯನ್ನು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು.

ಅಘನಾಶಿನಿ ಅಳಿವೆ (ಉತ್ತರ ಕನ್ನಡ ಜಿಲ್ಲೆ, ಕುಮಟಾ ತಾಲ್ಲೂಕು): ಇಲ್ಲಿ ಗಡಿಯಾರಕ್ಕಿಂತ ಭರತ-ಇಳಿತದ ವೇಳಾಪಟ್ಟಿ ಮುಖ್ಯ. ಇಳಿತದ ವೇಳೆಯಲ್ಲಿ ಕೆಸರುಬಯಲು ತೆರೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಬೂದುಬಣ್ಣದಲ್ಲಿದ್ದ ಕೆಲವು ತೀರಹಕ್ಕಿಗಳು ಏಪ್ರಿಲ್ ವೇಳೆಗೆ ಎದೆಯ ಮೇಲೆ ಕೆಂಗಂದು ಬಣ್ಣ ತಾಳುವುದನ್ನು ಇಲ್ಲಿ ಕಾಣಬಹುದು. ಚಳಿಗಾಲದಲ್ಲಿ ಮಾತ್ರ ನೋಡಿದವರಿಗೆ ಅವು ಬೇರೆಯೇ ಹಕ್ಕಿಗಳೆಂದು ತೋರುವುದುಂಟು.

ರಂಗನತಿಟ್ಟು ಮತ್ತು ಕೊಕ್ಕರೆ ಬೆಳ್ಳೂರು (ಮಂಡ್ಯ ಜಿಲ್ಲೆ): ವಲಸೆ ಹಕ್ಕಿಗಳು ತೆರಳಿದ ಬಳಿಕವೂ ಇಲ್ಲಿಗೆ ಬರಬಹುದು. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಈ ತಿಂಗಳುಗಳಲ್ಲಿ ಗೂಡುಕಟ್ಟಿ ಮರಿಮಾಡುತ್ತವೆ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡುಗಳು ಗ್ರಾಮಸ್ಥರ ಮನೆಗಳ ನಡುವಿನ ಮರಗಳಲ್ಲಿರುವುದರಿಂದ ಅಲ್ಲಿಯ ನಿವಾಸಿಗಳ ಅನುಕೂಲವನ್ನೂ ಗಮನಿಸತಕ್ಕದ್ದು.

ವೀಕ್ಷಕರು ಪಾಲಿಸಬೇಕಾದ ಅಂಶಗಳು

ಮರುಪ್ರಯಾಣಕ್ಕೆ ಮುನ್ನ ಹಕ್ಕಿಗಳು ಹೆಚ್ಚು ಮೇದು ದೇಹದಲ್ಲಿ ಕೊಬ್ಬನ್ನು ಸಂಗ್ರಹಿಸುತ್ತವೆ. ಸಾವಿರಾರು ಕಿಲೋಮೀಟರ್ ಹಾರಾಟಕ್ಕೆ ಅದೇ ಇಂಧನ. ಛಾಯಾಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸಿ ಹಾರಿಸಿದಾಗಲೆಲ್ಲ ಮೇಯುವ ಸಮಯ ನಷ್ಟವಾಗಿ, ಸಂಗ್ರಹಿಸಿದ ಕೊಬ್ಬೂ ವ್ಯಯವಾಗುತ್ತದೆ. ಹಕ್ಕಿಗಳು ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡತೊಡಗಿದರೆ ವೀಕ್ಷಕರು ಅಲ್ಲಿಂದಲೇ ಹಿಂದೆ ಸರಿಯತಕ್ಕದ್ದು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಉಂಟುಮಾಡುವುದೂ ‘ಬೇಟೆ’ಯ ವ್ಯಾಖ್ಯೆಯಲ್ಲಿ ಸೇರಿದೆ.

ಊರಕೆರೆಗಳ ದಡದಿಂದ ವೀಕ್ಷಿಸಲು ಸಾಮಾನ್ಯವಾಗಿ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ. ಖಾಸಗಿ ಹೊಲ-ಗದ್ದೆಗಳನ್ನು ಹಾದುಹೋಗಬೇಕಿದ್ದಲ್ಲಿ ಮಾಲೀಕರ ಒಪ್ಪಿಗೆ ಪಡೆಯತಕ್ಕದ್ದು. ಪಕ್ಷಿಧಾಮಗಳಲ್ಲಿ ನಿಗದಿತ ಪ್ರವೇಶ ಶುಲ್ಕ ಪಾವತಿಸಬೇಕು. ಪಕ್ಷಿಧಾಮದೊಳಗೆ ಅಧ್ಯಯನ ಅಥವಾ ಚಿತ್ರೀಕರಣ ಕೈಗೊಳ್ಳುವವರು ಪೂರ್ವಾನುಮತಿ ಪಡೆಯುವುದು ಕಡ್ಡಾಯ. ಈ ಬಗ್ಗೆ ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಪ್ರವಾಸಕ್ಕೆ ಸಾಕಷ್ಟು ಮುಂಚಿತವಾಗಿ ಸಂಪರ್ಕಿಸಲು ಕೋರಲಾಗಿದೆ.