ವಿಮ್ ಎಡಿಟರ್, ಹೋದ ಯಂತ್ರಗಳು ಮತ್ತು ನಮ್ಮ ಹಾಡಿನ ಹಾಳೆಗಳು



ಈ ಸಲ ಸಂತರ ಚರಿತ್ರೆಯಲ್ಲ. ಒಂದು ಕಂಪ್ಯೂಟರ್ ತಂತ್ರಾಂಶದ ಚರಿತ್ರೆ ಬರೆಯುತ್ತಿದ್ದೇವೆ. ಇದಕ್ಕೆ ಕಾರಣ ನಮ್ಮ ಹಾಡಿನ ಹಾಳೆಗಳು.

ಕ್ರಿಸ್ಮಸ್ ಹಾಡುಗಳ ತಯಾರಿಗೆಂದು ಒಂದು ಹಳೆಯ ಪೆನ್‌ಡ್ರೈವ್ ತೆರೆದಿದ್ದೆವು. ನಮಗಿಂತ ಮುಂಚಿನ ಯುವಕರು ಟೈಪ್ ಮಾಡಿಟ್ಟ ಕನ್ನಡ ಹಾಡುಗಳು ಅದರಲ್ಲಿದ್ದವು. ಫೈಲುಗಳೇನೋ ತೆರೆದವು, ಆದರೆ ಕನ್ನಡ ಕಾಣಲಿಲ್ಲ. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆ, ಪ್ರಶ್ನೆ ಚಿಹ್ನೆ, ಮತ್ತೆ ಅಂಥವೇ ಅಕ್ಷರಗಳು. ಗಾಯನ ಮಂಡಳಿಯ ಕಾಕೂ ಒಬ್ಬರು ಮೊಬೈಲನ್ನು ದೂರ ಹಿಡಿದು ನೋಡಿ, "ಇದ್ಯಾವ ಭಾಷಾದಾಗ ಬರದಿಯೋ ತಮ್ಮಾ?" ಅಂದರು.

ಕಬನೂರಿನಲ್ಲಿ ನಾವು ಮನೆಯಲ್ಲಿ ಮಾತಾಡುವುದು ಕನ್ನಡ, ಶಾಲೆಯಲ್ಲಿ ಓದಿದ್ದು ಮರಾಠಿ. ಕನ್ನಡದಲ್ಲಿ ಬರೆದಿಟ್ಟದ್ದು ನಮ್ಮಲ್ಲಿ ಇರುವುದೇ ಕಡಿಮೆ. ಒಂದು ಹಾಳೆ ಹೋದರೆ ಇಚಲಕರಂಜಿಯ ಅಂಗಡಿಯಲ್ಲಿ ಇನ್ನೊಂದು ಸಿಗುವುದಿಲ್ಲ. ಹಾಗಾಗಿ ಈ ತೊಂದರೆಯ ಮೂಲ ಹುಡುಕಲು ಕೂತೆವು. ನಮ್ಮಲ್ಲಿ ಕಂಪ್ಯೂಟರ್ ಕಲಿಯುತ್ತಿರುವವರೊಬ್ಬರು ಆಗ ನಮಗೆ ತೋರಿಸಿದ್ದು ವಿಮ್ ಎಂಬ ಎಡಿಟರಿನ ಸಹಾಯ ಪುಟಗಳನ್ನು. ಎಡಿಟರ್ ಎಂದರೆ ಬರೀ ಅಕ್ಷರಗಳನ್ನು ಬರೆಯುವ, ತಿದ್ದುವ ತಂತ್ರಾಂಶ. ಬಣ್ಣ, ಚಿತ್ರ, ಅಲಂಕಾರ ಯಾವುದೂ ಇಲ್ಲ. ಪ್ರೋಗ್ರಾಮ್ ಬರೆಯುವವರು ಇಡೀ ದಿನ ಅದರಲ್ಲೇ ಇರುತ್ತಾರೆ.

ವಿಮ್ ಬರೆದವರು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್. ಬಿಲ್ ಜಾಯ್ 1976ರಲ್ಲಿ ಯುನಿಕ್ಸ್ ಯಂತ್ರಗಳಿಗಾಗಿ ವಿಐ ಎಂಬ ಎಡಿಟರ್ ಬರೆದಿದ್ದರು. ಅದರ ಮಾದರಿಯಲ್ಲಿ ಅಟಾರಿ ಎಸ್‌ಟಿ ಎಂಬ ಮನೆ ಕಂಪ್ಯೂಟರಿಗೆ ಸ್ಟೀವಿ ಎಂಬ ಎಡಿಟರ್ ಬಂತು. ಬ್ರಾಮ್ ಅವರ ಬಳಿ ಇದ್ದದ್ದು ಅಮಿಗಾ ಕಂಪ್ಯೂಟರ್. ಅವರು 1988ರಲ್ಲಿ ಸ್ಟೀವಿಯನ್ನು ತೆಗೆದುಕೊಂಡು ತಮ್ಮ ಯಂತ್ರಕ್ಕೆ ಹೊಂದಿಸಲು ಶುರು ಮಾಡಿದರು. 1991ರ ನವೆಂಬರಿನಲ್ಲಿ, ಅಮಿಗಾ ಬಳಸುವವರ ನಡುವೆ ಹಂಚಿಕೆಯಾಗುತ್ತಿದ್ದ ಒಂದು ಫ್ಲಾಪಿಯಲ್ಲಿ ವಿಮ್ ಮೊದಲ ಸಲ ಹೊರಬಂತು. ಮರುವರ್ಷ ಯುನಿಕ್ಸ್‌ಗೆ ಹೋಯಿತು. ಆಮೇಲೆ ಡಾಸ್, ಓಎಸ್/2, ವಿಂಡೋಸ್, ಬಿಓಎಸ್, ರಿಸ್ಕ್ ಓಎಸ್ ಎಂದು ಕರೆದ ಮನೆಗೆಲ್ಲ ಹೋಯಿತು. ಒಂದೊಂದು ಯಂತ್ರಕ್ಕೂ ಸಹಾಯ ಪುಟಗಳಲ್ಲಿ ಒಂದೊಂದು ಅಧ್ಯಾಯ ಸೇರಿತು.

ಡಾಸ್ ಅಧ್ಯಾಯವನ್ನೇ ನೋಡೋಣ. ಹಿಂದೆ ಅದರಲ್ಲಿ ಉದ್ದನೆಯ ಫೈಲ್ ಹೆಸರುಗಳ ಸಮಸ್ಯೆ, ಪರದೆಯ ಬಣ್ಣ, ಮೆಮೊರಿಯ ಮಿತಿ, ತಾತ್ಕಾಲಿಕ ಫೈಲುಗಳ ಜಾಗ ಎಂದು ವಿಭಾಗಗಳ ಮೇಲೆ ವಿಭಾಗಗಳಿದ್ದವು. ಈಗ ಅದೇ ಹೆಸರಿನ ಪುಟ ತೆರೆದರೆ ಕೆಲವೇ ಸಾಲುಗಳಿವೆ. ಡಾಸ್ ಬೆಂಬಲವನ್ನು 7.4.1399 ಎಂಬ ತಿದ್ದುಪಡಿಯಲ್ಲಿ ತೆಗೆಯಲಾಗಿದೆ. ಬೇಕಾದವರು ಅದಕ್ಕಿಂತ ಹಳೆಯ ಆವೃತ್ತಿ ತೆಗೆದುಕೊಳ್ಳಬೇಕು. ಆದರೆ ಮೆಮೊರಿ ಸಾಲದ್ದರಿಂದ ಹಳೆಯ 16 ಬಿಟ್ ಆವೃತ್ತಿ ಓಡುವುದೇ ಇಲ್ಲ. ಇಷ್ಟೇ ಅದರ ಸಾರ. ಪುಟವನ್ನು ಪೂರ್ತಿ ಕಿತ್ತುಹಾಕಲಿಲ್ಲ, ಹಳೆಯ ಭರವಸೆಗಳನ್ನು ಹಾಗೇ ಬಿಡಲೂ ಇಲ್ಲ. ಹುಡುಕಿಕೊಂಡು ಬಂದವನಿಗೆ ಇಂಥ ದಿನ ಇದು ನಿಂತಿತು, ಬೇಕಿದ್ದರೆ ಅಲ್ಲಿ ಹುಡುಕು ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋದ ಹಾಗೆ.

ಒಂದೊಂದು ಯಂತ್ರವನ್ನು ಕೈಬಿಟ್ಟಾಗಲೂ ಬ್ರಾಮ್ ಒಂದೆರಡು ವಾಕ್ಯದ ಕಾರಣ ಬರೆದಿಟ್ಟಿದ್ದಾರೆ. ಓದಲು ಅದೇ ಒಂದು ಇತಿಹಾಸ. 2011ರಲ್ಲಿ ರಿಸ್ಕ್ ಓಎಸ್ ಹೋಯಿತು: ಅದರ ಭಾಗದಲ್ಲಿ ಎದ್ದು ಕಾಣುವ ತಪ್ಪುಗಳಿವೆ, ಯಾರೂ ನೋಡಿಕೊಳ್ಳುತ್ತಿಲ್ಲ. ಓಎಸ್/2 ಹೋಯಿತು: ಯಾರೂ ಬಳಸದಿದ್ದರೂ ಅದರ ಸಾಲುಗಳು ಉಳಿದ ಪ್ರೋಗ್ರಾಮನ್ನು ಕೆಡಿಸುತ್ತಿವೆ. 2016ರಲ್ಲಿ ಡಾಸ್ ಹೋಯಿತು: ಅದನ್ನು ಕಟ್ಟಲು ಹೋದರೆ ಕಟ್ಟಲಿಕ್ಕೇ ಆಗುತ್ತಿಲ್ಲ. ಅದೇ ವರ್ಷ ವಿಮ್ 8.0 ಬಂದ ಮೇಲೆ ಎಕ್ಸ್‌ಪಿಗಿಂತ ಹಳೆಯ ವಿಂಡೋಸ್‌ಗಳು ಹೋದವು: ಅವುಗಳಿಗಾಗಿ ಇಟ್ಟ ವಿನಾಯಿತಿಗಳಿಂದ ಎಲ್ಲವೂ ಗೋಜಲಾಗಿದೆ. 2020ರಲ್ಲಿ ಬಿಓಎಸ್ ಹೋಯಿತು. ಅದೇ ವರ್ಷ ಅಟಾರಿಯ ಸರದಿ. ಇದು ಇನ್ನೂ ಯಾರಿಗಾದರೂ ಬೇಕೇ ಎಂದು ಕೇಳಿದರೆ ಒಬ್ಬರೂ ಉತ್ತರಿಸಲಿಲ್ಲ, ಹಾಗಾಗಿ ಅಳಿಸುತ್ತಿದ್ದೇವೆ ಎಂಬುದು ಕಾರಣ. ವಿಮ್‌ನ ಮೂಲವಾದ ಸ್ಟೀವಿ ಹುಟ್ಟಿದ್ದೇ ಅಟಾರಿಯಲ್ಲಿ! ಅಮಿಗಾದ ಅಧ್ಯಾಯ ಮಾತ್ರ ಇನ್ನೂ ಇದೆ, ಏಕೆಂದರೆ ಅದನ್ನು ಹಟ ಹಿಡಿದು ನಡೆಸುವ ಕೆಲವರು ಇನ್ನೂ ಇದ್ದಾರೆ. ಒಂದು ಯಂತ್ರ ಉಳಿಯುವುದು ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದರ ಮೇಲಲ್ಲ, ಕೇಳಿದಾಗ ಓಗೊಡುವವರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ಎಂದು ನಮಗೆ ಅನ್ನಿಸಿತು.

ಪ್ರೋಗ್ರಾಮಿನ ಸಾಲು ತೆಗೆಯುವುದು ಒಂದು ದಿನದ ಕೆಲಸ. ಸಹಾಯ ಪುಟಗಳಿಂದ ತೆಗೆಯುವುದು ಅಷ್ಟು ಸಲೀಸಲ್ಲ. ಡಾಸ್‌ನಲ್ಲಿ ಹೀಗೆ, ಓಎಸ್/2ನಲ್ಲಿ ಹಾಗೆ ಎಂಬ ಮಾತು ನೂರಾರು ಸೂಚನೆಗಳ ನಡುವೆ ಚದುರಿಕೊಂಡಿರುತ್ತದೆ. ಹಾಗೇ ಬಿಟ್ಟರೆ ಹೊಸದಾಗಿ ಕಲಿಯುವವನು ಇಲ್ಲದ ಯಂತ್ರದ ನಿಯಮ ಓದಿ ತಲೆ ಕೆಡಿಸಿಕೊಳ್ಳುತ್ತಾನೆ. ಹುಷಾರಿಲ್ಲದೆ ಅಳಿಸಿದರೆ ಬೇಕಾದದ್ದೂ ಹೋಗುತ್ತದೆ. ಇಲ್ಲಿಗೆ ಬಂದಾಗ ನಮಗೆ ಒಂದು ವಿಷಯ ವಿಚಿತ್ರವಾಗಿ ಕಂಡಿತು. ಡಾಸ್ ಎಂಬ ಹೆಸರು ವಿಮ್‌ನಿಂದ ಪೂರ್ತಿ ಹೋಗಿಯೇ ಇಲ್ಲ.

ಹಳೆಯ ಟೆಲಿಪ್ರಿಂಟರಿನಲ್ಲಿ ಒಂದು ಸಾಲು ಮುಗಿದ ಮೇಲೆ ಎರಡು ಕೆಲಸ ಆಗಬೇಕಿತ್ತು. ಅಚ್ಚಿನ ತಲೆ ಎಡಕ್ಕೆ ಮರಳಬೇಕು, ಕಾಗದ ಒಂದು ಸಾಲು ಮೇಲಕ್ಕೆ ಸರಿಯಬೇಕು. ಡಾಸ್ ಈ ಎರಡೂ ಗುರುತುಗಳನ್ನು ಪ್ರತಿ ಸಾಲಿನ ಕೊನೆಗೆ ಬರೆಯುತ್ತಿತ್ತು, ವಿಂಡೋಸ್ ಇಂದಿಗೂ ಬರೆಯುತ್ತದೆ. ಯುನಿಕ್ಸ್‌ಗೆ ಎರಡನೆಯದು ಮಾತ್ರ ಸಾಕು. ವಿಮ್‌ನಲ್ಲಿ ಫೈಲಿನ ಬಗೆ ಹೇಳುವ ಒಂದು ಆಯ್ಕೆಯಿದೆ. ಅದರಲ್ಲಿ ಡಾಸ್, ಯುನಿಕ್ಸ್, ಮ್ಯಾಕ್ ಎಂಬ ಮೂರು ಹೆಸರುಗಳು ಇವತ್ತಿಗೂ ಇವೆ. ಡಾಸ್ ಯಂತ್ರದ ಮೇಲೆ ವಿಮ್ ಓಡದು, ಆದರೆ ಡಾಸ್ ಯಂತ್ರದಲ್ಲಿ 1992ರಲ್ಲಿ ಬರೆದ ಫೈಲನ್ನು ಇಂದಿನ ವಿಮ್ ಸುಮ್ಮನೆ ತೆರೆಯುತ್ತದೆ. ಯಂತ್ರವನ್ನು ಬಿಟ್ಟರು, ಅದರಲ್ಲಿ ಬರೆದದ್ದನ್ನು ಬಿಡಲಿಲ್ಲ.

ಇಚಲಕರಂಜಿಯವರಿಗೆ ಇದು ಬೇಗ ತಿಳಿಯುತ್ತದೆ. ವಿಠ್ಠಲರಾವ್ ದಾತಾರ್ 1904ರಲ್ಲಿ ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಈಗ ಏರ್‌ಜೆಟ್, ರೇಪಿಯರ್ ಬಂದಿವೆ. ಹಳೆಯ ಶಟಲ್ ಲೂಮುಗಳು ಭಂಗಾರಕ್ಕೆ ಹೋಗುತ್ತಿವೆ. ಲೂಮ್ ಭಂಗಾರಕ್ಕೆ ಹೋಯಿತೆಂದು ಅದರಲ್ಲಿ ನೇಯ್ದ ಧೋತರ ಯಾರ ಮೈಮೇಲಿಂದಲೂ ಮಾಯವಾಗುವುದಿಲ್ಲ. ಆದರೆ ನಮ್ಮ ಹಾಡುಗಳ ವಿಷಯದಲ್ಲಿ ಆದದ್ದು ಅದೇ. ಲೂಮ್ ಹೋಯಿತು, ಬಟ್ಟೆಯೂ ಹೋಯಿತು.

ಏಕೆ ಹೀಗಾಯಿತು? ಕನ್ನಡವನ್ನು ಕಂಪ್ಯೂಟರಿಗೆ ತಂದವರ ಕಷ್ಟ ಮೊದಲು ಹೇಳಬೇಕು. ಆಗಿನ ಯಂತ್ರಗಳು ಇಂಗ್ಲಿಷ್ ಬಿಟ್ಟು ಬೇರೆ ಅರಿಯವು. ಅಂಥ ಯಂತ್ರದಲ್ಲಿ ಕನ್ನಡ ಮೂಡಿಸಲು ಕೆ. ಪಿ. ರಾವ್ ಅಂಥವರು ದುಡಿದರು. ಅವರ ಕೀಲಿಮಣೆಯ ವಿನ್ಯಾಸ ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಕಚೇರಿ ಕಚೇರಿಗೆ ತಲುಪಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ನಮ್ಮ ಕಡೆ ಮದುವೆ ಪತ್ರಿಕೆ ಅಚ್ಚು ಮಾಡುವವರಲ್ಲಿ ಪುಣೆಯ 'ಶ್ರೀಲಿಪಿ' ನಡೆಯುತ್ತಿತ್ತು. ಇವರೆಲ್ಲ ಹಿಡಿದ ದಾರಿ ಹೆಚ್ಚುಕಡಿಮೆ ಒಂದೇ: ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೆಯ ಸಂಕೇತದಲ್ಲಿ ಅದು ಏಳು ಗುರುತು. ಮೊದಲನೆಯದು ಇಂಗ್ಲಿಷಿನ ದೊಡ್ಡ ಪಿ. ಅದು ಕಕಾರದ ಒಡಲು. ತಲೆಕಟ್ಟಿಗೆ ಗೆರೆ ಹೊತ್ತ ಎ. ನಕಾರಕ್ಕೆ ಪೌಂಡ್ ಚಿಹ್ನೆ. ನ ಒತ್ತಿಗೆ ಒಂದು ಜರ್ಮನ್ ಅಕ್ಷರ. ಫಾಂಟ್ ಇರುವ ತನಕ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಮೊಬೈಲಿಗೆ ಹೋದರೆ ಪಿ, ಪೌಂಡ್, ಜರ್ಮನ್. ಕಾಕೂ ಕೇಳಿದ್ದು ಸರಿಯೇ ಇತ್ತು.

ಇದಕ್ಕೆ ಪರಿಹಾರವೂ ತಯಾರಾಗುತ್ತಲೇ ಇತ್ತು. ವಿಮ್ ಹೊರಬಂದದ್ದು 1991ರ ನವೆಂಬರಿನಲ್ಲಿ ಎಂದೆವಲ್ಲ, ಅದರ ಹಿಂದಿನ ತಿಂಗಳೇ ಯುನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಸಾಲು ಸಿಕ್ಕಿತು. ಅಲ್ಲಿ ಕ ಎಂದರೆ ಕ ಮಾತ್ರ, ಬೇರೆ ಯಾರ ಮನೆಯಲ್ಲೂ ಬಾಡಿಗೆಗಿಲ್ಲ. ಆದರೆ ಸಾಮಾನ್ಯರ ಮೇಜಿಗೆ ಅದು ಬಂದದ್ದು ಹತ್ತು ವರ್ಷ ತಡವಾಗಿ, 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂದಾಗ. ಅಷ್ಟು ಹೊತ್ತಿಗೆ ಎಲ್ಲರ ಕೈಯೂ ಹಳೆಯ ದಾರಿಗೆ ಹೊಂದಿಕೊಂಡಿತ್ತು. ಎಕ್ಸ್‌ಪಿಯಲ್ಲೂ ಹಳೆಯ ಫಾಂಟನ್ನೇ ಹಾಕಿಕೊಂಡು ಬರೆದರು. ಆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಅಂದಹಾಗೆ, ವಿಮ್‌ನಲ್ಲೇ ಕನ್ನಡ ಬರೆಯಿರಿ ಎಂದು ನಾವು ಹೇಳುತ್ತಿಲ್ಲ. ಅದನ್ನು ಓಡಿಸುವ ಕಪ್ಪು ಪರದೆಯಲ್ಲಿ ಒತ್ತಕ್ಷರಗಳು ಬಹಳ ಸಲ ನೆಟ್ಟಗೆ ಕೂರುವುದಿಲ್ಲ. ಆದರೂ ಯುನಿಕೋಡ್‌ನಲ್ಲಿ ಬರೆದದ್ದನ್ನು ಅದು ಕೆಡಿಸದೆ ಕಾಪಾಡುತ್ತದೆ.

ಶ್ರೀಸಭೆಗೆ ಈ ಕೆಲಸ ಹೊಸದಲ್ಲ. ಪ್ಯಾಲೆಸ್ತೀನಿನ ಕೈಸರೈಯದಲ್ಲಿ ಪಾಂಫಿಲಸ್ ಎಂಬ ಗುರು ದೊಡ್ಡ ಗ್ರಂಥಾಲಯ ಕೂಡಿಸಿದ್ದರು. 4ನೇ ಶತಮಾನದ ಆರಂಭದ ಹಿಂಸಾಚಾರದಲ್ಲಿ ಅವರು ರಕ್ತಸಾಕ್ಷಿಯಾದರು. ಅಲ್ಲಿದ್ದ ಪಪೈರಸ್ ಸುರುಳಿಗಳು ವರ್ಷ ಕಳೆದಂತೆ ಹಾಳಾಗುತ್ತ ಬಂದಾಗ ಅಕಾಸಿಯುಸ್ ಮತ್ತು ಯೂಝೋಯುಸ್ ಎಂಬ ಧರ್ಮಾಧ್ಯಕ್ಷರು ಅವನ್ನು ಚರ್ಮದ ಹಾಳೆಗಳಿಗೆ ನಕಲು ಮಾಡಿಸಿದರು. ಇದನ್ನು ನಮಗೆ ತಿಳಿಸಿದವರು ಸಂತ ಜೆರೋಮ್. ಪಪೈರಸ್ ಚಿರಾಯುವಾಗಲಿ ಎಂದು ಅವರು ಕೂತು ಹಂಬಲಿಸಲಿಲ್ಲ. ಅದು ಹೋಗುತ್ತದೆಂದು ಗೊತ್ತಿದ್ದೇ ಲೇಖಕರನ್ನು ಕೂರಿಸಿದರು. ನಮ್ಮ ಫಾಂಟುಗಳಿಗಿಂತ ಪಪೈರಸ್ ಹೆಚ್ಚು ಕಾಲ ಬಾಳಿತು ಎಂಬುದು ಬೇರೆ ಮಾತು.

ವಿಮ್‌ನ ಸಹಾಯ ಪುಟಗಳಲ್ಲಿ ಯಾರೂ ಕೈಬಿಡದ ಇನ್ನೊಂದು ಅಧ್ಯಾಯದ ಬಗ್ಗೆ ಹೇಳಲೇಬೇಕು. ಬ್ರಾಮ್ 1994ರಲ್ಲಿ ಉಗಾಂಡಾದ ದಕ್ಷಿಣಕ್ಕಿರುವ ಕಿಬಾಲೆ ಎಂಬಲ್ಲಿನ ಮಕ್ಕಳ ಕೇಂದ್ರಕ್ಕೆ ಹೋಗಿ ನೀರು ಮತ್ತು ನೈರ್ಮಲ್ಯದ ಕೆಲಸ ಮಾಡಿದರು. ಏಡ್ಸ್‌ನಿಂದ ತಂದೆತಾಯಿ ಸತ್ತ ಮಕ್ಕಳು ಆ ಪ್ರದೇಶದಲ್ಲಿ ತುಂಬಾ ಇದ್ದರು. ಊರಿಗೆ ಮರಳಿದ ಮೇಲೆ ಅವರು ವಿಮ್‌ಗೆ ಬೆಲೆ ಇಡಲಿಲ್ಲ. ಬಳಸುವವರು ಮನಸ್ಸಾದರೆ ಉಗಾಂಡಾದ ಮಕ್ಕಳಿಗೆ ಸಹಾಯ ಮಾಡಲಿ ಎಂದರು. ವಿಮ್ ತೆರೆದ ಕೂಡಲೇ ಆ ಮಾತು ಪರದೆಯ ಮೇಲೆ ಬರುತ್ತದೆ. ಬ್ರಾಮ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಮರುವರ್ಷ ಜನವರಿಯಲ್ಲಿ ಬಂದ 9.1 ಆವೃತ್ತಿಯನ್ನು ಅವರ ಸಂಗಡಿಗರು ಅವರಿಗೇ ಅರ್ಪಿಸಿದರು. ಡಾಸ್, ಅಟಾರಿ, ಎಕ್ಸ್‌ಪಿ ಎಲ್ಲ ಹೋದವು. ಉಗಾಂಡಾದ ಪುಟ ತನ್ನ ಜಾಗದಲ್ಲೇ ಇದೆ.

ಈಗ ನಮ್ಮ ಹಾಳೆಗಳು. ಹಳೆಯ ಸಂಕೇತವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಅರ್ಧ ಕೆಲಸ ಅವು ಮಾಡಿದವು. ಅರ್ಕಾವತ್ತು ಬಂದಲ್ಲಿ, ಎರಡು ಒತ್ತು ಕೂಡಿದಲ್ಲಿ ತಪ್ಪುತ್ತವೆ. ತಿದ್ದಲು ಕೂತರೆ ನಮಗೇ ಅನುಮಾನ, ಯಾಕೆಂದರೆ ನಮ್ಮಲ್ಲಿ ಹಲವರು ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಕಾಕೂಗೆ ಓದು ಬಾರದು, ಹಾಡು ಬಾಯಿಪಾಠ. ಹಾಗಾಗಿ ಅವರು ಒಂದೊಂದೇ ಸಾಲು ಹಾಡುತ್ತಾರೆ, ಒಬ್ಬರು ಪರದೆ ನೋಡುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ. ಒಂದು ಹಾಡಿನಲ್ಲಿ ಟೈಪ್ ಮಾಡಿದವರೇ ಒಂದು ಚರಣ ಬಿಟ್ಟಿದ್ದರು. ಅದು ಯಾವ ಫೈಲಿನಲ್ಲೂ ಇರಲಿಲ್ಲ, ಕಾಕೂ ಹಾಡಿದ್ದಕ್ಕೇ ಸಿಕ್ಕಿತು.

ಹಳೆಯ ಫೈಲುಗಳನ್ನು ಅಳಿಸಿಲ್ಲ. ಬೇರೆ ಫೋಲ್ಡರಿನಲ್ಲಿಟ್ಟು, ಯಾವ ಫಾಂಟಿನಲ್ಲಿ ಬರೆದದ್ದು, ಯಾವಾಗ ಬದಲಿಸಿದೆವು ಎಂದು ಮೂರು ಸಾಲಿನ ಚೀಟಿ ಬರೆದಿದ್ದೇವೆ, ವಿಮ್‌ನ ಡಾಸ್ ಪುಟದ ಹಾಗೆಯೇ. ತಪಸ್ಸು ಕಾಲದ ಹಾಡುಗಳು ಇನ್ನೂ ಬಾಕಿ ಇವೆ. ನಿಮ್ಮ ಮನೆಯಲ್ಲಿ ಹಳೆಯ ಸಿಡಿ, ಪೆನ್‌ಡ್ರೈವ್ ಅಥವಾ ಅಚ್ಚಾದ ಹಾಳೆ ಇದ್ದರೆ ಭಾನುವಾರ ಬಲಿಪೂಜೆ ಮುಗಿದ ಮೇಲೆ ತನ್ನಿ. ಹಾಡು ಗೊತ್ತಿರುವ ಅಜ್ಜಿ ಇದ್ದರೆ ಅವರನ್ನೂ ಕರೆತನ್ನಿ.