ರೇಸ್ ಕಾರು: ಕೊಳ್ಳೋದಕ್ಕಿಂತ ಓಡಿಸೋದೇ ದುಬಾರಿ

ಗರುಡಾಚಾರ್‌ಪಾಳ್ಯದ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಸಾಫ್ಟ್‌ವೇರ್ ಕೆಲಸದ ಹುಡುಗರೂ ಸಿಗ್ತಾರೆ, ಗ್ಯಾರೇಜ್ ಮೆಕ್ಯಾನಿಕ್‌ಗಳೂ ಸಿಗ್ತಾರೆ. ಸಂಬಳವೂ ಇದೆ, ಕೈಕೆಲಸವೂ ಇದೆ. ಹಾಗಾದ್ರೆ ಇಲ್ಲಿನ ಒಬ್ಬ ನೌಕರ ವಾರಾಂತ್ಯದಲ್ಲಿ ಕಾರ್ ರೇಸ್‌ಗೆ ಇಳಿಯಬಹುದಾ? ಉತ್ತರ ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು ವೀಕ್ಷಕರೇ.

1950ರ ದಶಕದಲ್ಲಿ ಮದರಾಸಿನ ಹತ್ತಿರ ಶೋಲಾವರಂನಲ್ಲಿ ಮಹಾಯುದ್ಧ ಕಾಲದ ವಿಮಾನಪಟ್ಟಿಯೇ ರೇಸ್ ಟ್ರ್ಯಾಕ್ ಆಯ್ತು. ಫಿಯೆಟ್, ಅಂಬಾಸಿಡರ್‌ಗಳೂ ಅಲ್ಲಿ ಓಡಿದವು. 1980ರ ದಶಕದಲ್ಲಿ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸಿದ್ದೂ ಅಲ್ಲೇ. ಟ್ರ್ಯಾಕ್ ಒಂದೇ, ಜೇಬು ಮಾತ್ರ ಬೇರೆ ಬೇರೆ!

ಈ ಕಥೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. 1982ರಲ್ಲಿ ಇಲ್ಲಿನ ಸಿಪಾನಿ ಕಂಪನಿ ಡಾಲ್ಫಿನ್ ಅನ್ನೋ ಪುಟ್ಟ ಕಾರು ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಎಂಜಿನ್, ಫೈಬರ್‌ಗ್ಲಾಸ್ ಮೈ, ಹಿಂದಿನ ಚಕ್ರಕ್ಕೆ ಶಕ್ತಿ. ಮಾರುಕಟ್ಟೆಯಲ್ಲಿ ಸೋತಿತು, 1983ರ ಕೊನೆಗೆ ಬಂದ ಮಾರುತಿ 800ರ ಮುಂದೆ ನಿಲ್ಲಲೇ ಇಲ್ಲ. ಆದರೆ ರ‍್ಯಾಲಿ, ರೇಸ್‌ಗಳಲ್ಲಿ ಹೆಸರು ಮಾಡಿತು. ಕಾರಣ? ಹಗುರ. ಹಗುರವಾದ ಕಾರು ಟೈರನ್ನೂ ಬ್ರೇಕನ್ನೂ ಕಡಿಮೆ ತಿನ್ನುತ್ತೆ.

ಖರ್ಚಿನ ಗುಟ್ಟು ಇಲ್ಲೇ ಇರೋದು. ಪೆಟ್ರೋಲ್ ಸಣ್ಣ ಬಾಬ್ತು. ಜೇಬು ಸುಡೋದು ಟೈರು, ಎಂಜಿನ್ ರಿಪೇರಿ, ಅಪಘಾತ, ಸಾಗಾಣಿಕೆ. ನಾನು ಇಂಜಿನಿಯರಿಂಗ್ ಓದಿದವನು, ಒಂದೇ ಒಂದು ಲೆಕ್ಕ ಹೇಳ್ತೀನಿ. 6,000 ಸುತ್ತು ತಿರುಗೋ ಎಂಜಿನ್ನನ್ನ 9,000ಕ್ಕೆ ಏರಿಸಿ. ವೇಗ ಒಂದೂವರೆ ಪಟ್ಟು, ಆದರೆ ಪಿಸ್ಟನ್ನು, ಕನೆಕ್ಟಿಂಗ್ ರಾಡಿನ ಮೇಲೆ ಬೀಳೋ ಎಳೆತ ಎರಡೂಕಾಲು ಪಟ್ಟು. ವರ್ಷಗಟ್ಟಲೆ ಬಾಳೋ ಎಂಜಿನ್ ಕೆಲವೇ ರೇಸ್‌ಗೆ ಬಿಚ್ಚೋ ಸ್ಥಿತಿಗೆ ಬರುತ್ತೆ.

ಇದಕ್ಕೆ ಮದ್ದು ಹುಡುಕಿದ್ದು ಬ್ರಿಟನ್. 1967ರಲ್ಲಿ ಶುರುವಾದ ಫಾರ್ಮುಲಾ ಫೋರ್ಡ್‌ನಲ್ಲಿ ಎಲ್ಲರಿಗೂ ರಸ್ತೆ ಕಾರಿನದೇ ಎಂಜಿನ್, ರಸ್ತೆಯದೇ ಟೈರು, ಕಾರಿನ ಬೆಲೆ 1,000 ಪೌಂಡಿನೊಳಗೆ. ನಮ್ಮಲ್ಲಿ ಅದೇ ದಾರಿ ಹಿಡಿದವರು ಕೊಯಮತ್ತೂರಿನ ಕರಿವರ್ಧನ್. 1988ರಲ್ಲಿ ಫಾರ್ಮುಲಾ ಮಾರುತಿ ಕಟ್ಟಿದರು. ಒಂಟಿ ಸೀಟಿನ ಕಾರು, ಎಂಜಿನ್ ಮಾತ್ರ ಮಾರುತಿ 800ರ 796 ಸಿಸಿಯದು. ಬಿಡಿಭಾಗ ಬೇಕಾ? ಬೀದಿ ಕೊನೆಯ ಅಂಗಡಿಗೆ ಹೋಗಿ! ಈ ಕಾರಿನಿಂದ ಬಂದ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ, ಕರುಣ್ ಚಾಂಧೋಕ್ 2010ರಲ್ಲಿ ಫಾರ್ಮುಲಾ ಒನ್ ತಲುಪಿದರು.

ಆಮೇಲೆ 1,300 ಸಿಸಿ ಎಂಜಿನ್‌ನ ಎಲ್‌ಜಿಬಿ ಫಾರ್ಮುಲಾ 4 ಬಂತು. 2010ರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಕಪ್ ಬಂತು. ಅಲ್ಲಿ ಕಾರು ಸಿದ್ಧಮಾಡ್ತಿದ್ದದ್ದು ಕಂಪನಿ, ನೀವು ಹಣ ಕಟ್ಟಿ ಓಡಿಸಬೇಕಿತ್ತು. ಎಲ್ಲರಿಗೂ ಒಂದೇ ಕಾರು ಅಂದಾಗ ಖರ್ಚಿನ ಪೈಪೋಟಿ ತಗ್ಗುತ್ತೆ. ನಿಯಮ ಸಡಿಲವಾದ ವರ್ಗದಲ್ಲಿ ಹಾಗಲ್ಲ. ಪಕ್ಕದವನು ಹೊಸ ಟೈರು ಹಾಕಿದ ಅಂದ್ರೆ ನೀವೂ ಹಾಕಲೇಬೇಕು.

ಬೆಂಗಳೂರಿಗನಿಗೆ ಇನ್ನೊಂದು ಹೊರೆ ಇದೆ. ಶ್ರೀಪೆರಂಬುದೂರಿಗೋ ಕೊಯಮತ್ತೂರಿಗೋ ಕಾರನ್ನ ಲಾರಿ ಮೇಲೆ ಹೊತ್ತು ಹೋಗಬೇಕು. ಹಾಗಾಗಿ ರೇಸ್‌ಗೆ ಇಳಿಯೋ ಆಸೆ ಇರೋರು ಕಾರಿನ ಬೆಲೆ ಆಮೇಲೆ ಕೇಳಿ. ಒಂದು ಸೆಟ್ ಟೈರು ಎಷ್ಟು ರೇಸ್ ಬರುತ್ತೆ, ಎಂಜಿನ್ ಯಾವಾಗ ಬಿಚ್ಚಬೇಕು, ಗುದ್ದಿದರೆ ಯಾರು ಕಟ್ಟಿಕೊಡಬೇಕು, ಇದನ್ನ ಮೊದಲು ಕೇಳಿ. ಅಪ್ಪನ ಆಸ್ತಿ ಗೆಲ್ಲಬೇಕೋ, ಹುಡುಗನ ಕೈಚಳಕ ಗೆಲ್ಲಬೇಕೋ ಅನ್ನೋದನ್ನ ತೀರ್ಮಾನಿಸೋದು ಆ ವರ್ಗದ ನಿಯಮಪುಸ್ತಕ.