ಕ್ಯೂಬಾದಲ್ಲಿ ಸಲಿಂಗ ವಿವಾಹ

ಕೆರಿಬಿಯನ್ ದ್ವೀಪರಾಷ್ಟ್ರ ಕ್ಯೂಬಾದಲ್ಲಿ 2022ರ ಸೆಪ್ಟೆಂಬರ್ 27ರಿಂದ ಕಾನೂನಿನ ಮಾನ್ಯತೆ ಪಡೆದಿರುವ, ಒಂದೇ ಲಿಂಗದ ಇಬ್ಬರ ನಡುವಣ ಮದುವೆ. 1975ರ ಕುಟುಂಬ ಸಂಹಿತೆಯಲ್ಲಿ ಮದುವೆ ಗಂಡು ಹೆಣ್ಣಿಗಷ್ಟೇ ಸೀಮಿತವಾಗಿತ್ತು. ಕ್ರಾಂತಿಯ ಸರ್ಕಾರ 1960ರ ದಶಕದಲ್ಲಿ ಸಲಿಂಗಿಗಳನ್ನು ದುಡಿಮೆ ಶಿಬಿರಗಳಿಗೆ ಅಟ್ಟಿತ್ತು; ಆ ಅನ್ಯಾಯದ ಹೊಣೆಯನ್ನು ಕ್ರಾಂತಿಯ ನಾಯಕ ಫಿಡೆಲ್ ಕ್ಯಾಸ್ಟ್ರೊ 2010ರಲ್ಲಿ ಒಪ್ಪಿಕೊಂಡರು. ಅವರ ತಮ್ಮ ರಾವುಲ್‌ರ ಮಗಳು, ರಾಷ್ಟ್ರೀಯ ಲೈಂಗಿಕ ಶಿಕ್ಷಣ ಕೇಂದ್ರದ ಮುಖ್ಯಸ್ಥೆ ಮರಿಯೆಲಾ ಕ್ಯಾಸ್ಟ್ರೊ, ಸುಧಾರಣೆಯ ಪ್ರಮುಖ ಪ್ರತಿಪಾದಕಿ. ಮದುವೆಯನ್ನು ‘ಇಬ್ಬರು ವ್ಯಕ್ತಿಗಳ’ ಸಂಬಂಧವೆಂದಿದ್ದ 2018ರ ಸಂವಿಧಾನ ಕರಡಿನ ವಿಧಿಯನ್ನು ಚರ್ಚುಗಳ, ಮುಖ್ಯವಾಗಿ ಇವಾಂಜೆಲಿಕಲ್ ಪಂಗಡಗಳ, ವಿರೋಧದ ನಡುವೆ ಕೈಬಿಟ್ಟು, ತೀರ್ಮಾನವನ್ನು ಹೊಸ ಕುಟುಂಬ ಸಂಹಿತೆಗೆ ಬಿಡಲಾಯಿತು. 2022ರ ಸೆಪ್ಟೆಂಬರ್ 25ರ ಜನಮತಗಣನೆಯಲ್ಲಿ ಸಿಂಧು ಮತಗಳ ಸುಮಾರು ಮೂರನೆಯ ಎರಡು ಪಾಲು ಈ ಸಂಹಿತೆಯ ಪರ ಬಿದ್ದವು. ಏಕಪಕ್ಷ ವ್ಯವಸ್ಥೆಯ ಕ್ಯೂಬಾದಲ್ಲಿ ಮೂರನೆಯ ಒಂದರಷ್ಟು ವಿರೋಧ ಅಪರೂಪ. ಸಲಿಂಗ ದಂಪತಿಗಳಿಗೆ ದತ್ತು ಸ್ವೀಕಾರದ ಹಕ್ಕನ್ನೂ ಸಂಹಿತೆ ನೀಡಿದೆ.